ಚಂದ್ರನಲ್ಲಿ ಹುಟ್ಟಿದವಳ ತೂಕ

ಕಳೆದ ಚಳಿಗಾಲದಲ್ಲಿ ದೆಹಲಿಯ ಕನ್ನಡಿಗರ ಒಂದು ಸಭೆಯಲ್ಲಿ ನನ್ನನ್ನು ವೇದಿಕೆಯ ಮೇಲೆ ಕೂರಿಸಿ, "ಇವರು ನಮ್ಮ ಹೆಮ್ಮೆಯ ವಿಜ್ಞಾನಿ" ಎಂದು ಪರಿಚಯ ಮಾಡಿಕೊಟ್ಟರು. ನಾನು ವಿಜ್ಞಾನಿಯಲ್ಲ. ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಕಡತ ನೋಡುತ್ತಿದ್ದವಳು. ಉಳಿದ ಹೊತ್ತಿನಲ್ಲಿ ಕನ್ನಡದಲ್ಲಿ ವೈಜ್ಞಾನಿಕ ಕಥೆ, ಕಾದಂಬರಿ ಬರೆಯುತ್ತಿದ್ದವಳು. ತಿದ್ದೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಹೆಗಲಿಗೆ ಶಾಲು ಬಿತ್ತು. ಶಾಲು ಬಿದ್ದ ಮೇಲೆ ಸತ್ಯ ಹೇಳುವ ಪದ್ಧತಿ ನಮ್ಮಲ್ಲಿಲ್ಲ.

ಸಭೆ ಮುಗಿದು ಕಾಫಿಗೆ ನಿಂತಾಗ ಒಬ್ಬ ಹುಡುಗ ಹತ್ತಿರ ಬಂದ. ಹೆಸರು ಮಂಜುನಾಥ, ಊರು ಕೊಪ್ಪಳದ ಕಡೆ. ಮುಖರ್ಜಿ ನಗರದಲ್ಲಿ ಕೋಣೆ ಮಾಡಿಕೊಂಡು ಐಎಎಸ್‌ನ ದೊಡ್ಡ ಪರೀಕ್ಷೆಗೆ ಓದುತ್ತಿದ್ದಾನೆ.

"ಮೇಡಮ್ಮಾರ, ನಾನೂ ಇಂಥಾ ಕಥಿ ಬರೀಬೇಕಂತ ಮಾಡೀನಿ. ಇದಕ್ಕ ಸಿಲೆಬಸ್ ಏನೈತ್ರಿ?"

"ಇದಕ್ಕೆ ಸಿಲೆಬಸ್ ಇಲ್ಲಪ್ಪ."

"ಹಂಗಂದ್ರ ಹ್ಯಾಂಗ್ರಿ? ಹಳೇ ಪ್ರಶ್ನಿಪತ್ರಿಕಿನರ ಇರ್ತಾವಲ್ಲ?"

ನಕ್ಕು ಮನೆಗೆ ಹೊರಟೆ. ಮೆಟ್ರೋದಲ್ಲಿ ಕೂತ ಮೇಲೆ ಚಿಂತೆ ಹತ್ತಿತು. ಚಿಂತೆ ನನ್ನ ಖಾಯಂ ಹುದ್ದೆ, ಉಳಿದವೆಲ್ಲ ತಾತ್ಕಾಲಿಕ. ಹುಡುಗ ಕೇಳಿದ್ದರಲ್ಲಿ ತಪ್ಪೇನಿದೆ? ಹಳೆಯ ಪ್ರಶ್ನೆಪತ್ರಿಕೆಗಳು ನನ್ನ ಹತ್ತಿರ ಧಾರಾಳವಾಗಿವೆ, ಬಹುಪಾಲು ನಾನು ಫೇಲಾದವು. ಇತ್ತೀಚೆಗಷ್ಟೇ ಕಚೇರಿಯಿಂದ ಸ್ವಯಂ ನಿವೃತ್ತಿ ತೆಗೆದುಕೊಂಡೆ. ಅದರ ಜೊತೆಯಲ್ಲೇ, ಕೈಯಲ್ಲಿದ್ದ ಕಾದಂಬರಿ ಮುಗಿದ ಕೂಡಲೇ ವೈಜ್ಞಾನಿಕ ಕಥೆಗಳಿಂದಲೂ ನಿವೃತ್ತಿ ಎಂದು ಮನೆಯಲ್ಲಿ ಘೋಷಿಸಿದೆ. ಮೊದಲನೆಯದಕ್ಕೆ ಹೂಗುಚ್ಛ ಕೊಟ್ಟರು. ಎರಡನೆಯದಕ್ಕೆ ನನ್ನ ಗಂಡ ಶ್ರೀಪಾದ, "ಹಾಗಾದ್ರೆ ನೀನು ಹಾಳೆ ಹರಡೋ ಊಟದ ಮೇಜು ಖಾಲಿಯಾಗುತ್ತಾ?" ಎಂದರು. ಆ ಕೊನೆಯ ಕಾದಂಬರಿ ನನಗೆ ಏನು ಮಾಡಿತು ಎಂಬುದನ್ನು ಮಂಜುನಾಥನಿಗೆ ಹೇಳಬೇಕು. ಅದಕ್ಕೆ ಮುಂಚೆ ನಾನು ಫೇಲಾದ ಒಂದೆರಡು ಪತ್ರಿಕೆಗಳನ್ನು ಹೇಳದಿದ್ದರೆ ಅದು ಅರ್ಥವಾಗುವುದಿಲ್ಲ.

ಈ ಕಸುಬಿಗೆ ವಿಜ್ಞಾನದ ಪದವಿ ಬೇಕು ಎಂದು ಜನ ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಬೇಕಾದದ್ದು ಚಿಂತೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಜನಕಪುರಿಯ ಮೆಟ್ರೋ ನಿಲ್ದಾಣದಿಂದ ಮನೆಗೆ ವಾಪಸು ಬಂದವಳು ನಾನು. ಆರಿಸಿದ್ದೆ. ಆದರೆ ಆ ದಾರಿಯಲ್ಲಿ, ಒಡತಿ ಮರೆತ ಗ್ಯಾಸನ್ನು ಮನೆಯೇ ಆರಿಸಿ, ಆಮೇಲೆ ಅವಳ ಮೇಲೆ ಮುನಿಸಿಕೊಂಡು ಬಾಗಿಲು ತೆರೆಯದೇ ಕೂತರೆ ಎಂಬ ಕಥೆ ಹುಟ್ಟಿತು. "ಹಾಗೇನಾದರೂ ಆಗಿಬಿಟ್ಟರೆ?" ಎಂಬ ಒಂದೇ ಪ್ರಶ್ನೆ. ಹೆದರಿ ಕೇಳಿದರೆ ಅದು ಚಿಂತೆ. ಕುತೂಹಲದಿಂದ ಕೇಳಿದರೆ ಕಥೆ. ನಾನು ಎರಡನ್ನೂ ಒಟ್ಟಿಗೆ ಕೇಳಿಕೊಳ್ಳುತ್ತಿದ್ದುದರಿಂದ ರಕ್ತದೊತ್ತಡವೂ ಬಂತು, ಪುಸ್ತಕಗಳೂ ಬಂದವು.

ನನ್ನ ಮೊದಲ ಕಥೆಯಲ್ಲಿ ಗುರುಗ್ರಹದ ಕಡೆಗೆ ಹೊರಟ ನೌಕೆಯಲ್ಲಿ ಮೂವರು ಕನ್ನಡಿಗರಿದ್ದರು. ತೂಕವಿಲ್ಲದ ಸ್ಥಿತಿಯನ್ನು ಮನಸಾರೆ ವರ್ಣಿಸಿದ್ದೆ. ಪೆನ್ನು ತೇಲಿತು, ಚಪ್ಪಲಿ ತೇಲಿತು, ನಾಯಕನ ಕನ್ನಡಕ ಅವನ ಮೂಗನ್ನು ಬಿಟ್ಟು ಕಿಟಕಿಯ ಕಡೆಗೆ ಹೊರಟಿತು. ಮುಂದಿನ ಪುಟದಲ್ಲಿ ಅದೇ ಮೂವರು ಕೂತು ಬಟ್ಟಲಿನಿಂದ ಲೋಟಕ್ಕೆ, ಲೋಟದಿಂದ ಬಟ್ಟಲಿಗೆ ಮೊಳದೆತ್ತರದಿಂದ ಕಾಫಿ ಸುರಿದು, ನೊರೆ ಬರಿಸಿ ಕುಡಿದರು. ಪತ್ರಿಕೆಯವರು ಹಾಗೇ ಅಚ್ಚು ಹಾಕಿದರು. ಅರಸೀಕೆರೆಯ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಕಾರ್ಡು ಬರೆದರು. ನನ್ನ ಹೆಸರಿನ ಬದಲು ಇನಿಷಿಯಲ್ಲು ಮಾತ್ರ ಅಚ್ಚಾಗಿದ್ದರಿಂದ ಗಂಡಸೆಂದೇ ತಿಳಿದಿದ್ದರು. "ಮಾನ್ಯರೇ, ಎರಡನೇ ಪುಟದಲ್ಲಿ ಚಪ್ಪಲಿ ಮೇಲೆ ತೇಲಿತು. ಮೂರನೇ ಪುಟದಲ್ಲಿ ಕಾಫಿ ಕೆಳಕ್ಕೆ ಬಿತ್ತು. ಕಾಫಿಗೆ ವಿಶೇಷ ವಿನಾಯಿತಿ ಉಂಟೇ?"

ಒಂದು ವಾರ ಯಾರಿಗೂ ಮುಖ ತೋರಿಸಲಿಲ್ಲ. ಆಮೇಲೆ ಯೋಚಿಸಿದೆ: ಗಾಳಿಯಿಲ್ಲದ, ನೆಲವಿಲ್ಲದ, ತೂಕವಿಲ್ಲದ ಜಗತ್ತನ್ನು ಸಲೀಸಾಗಿ ಕಲ್ಪಿಸಿಕೊಂಡೆನಲ್ಲ, ಕಾಫಿ ಸುರಿಯದ ಕನ್ನಡಿಗನನ್ನು ಯಾಕೆ ಕಲ್ಪಿಸಿಕೊಳ್ಳಲಾಗಲಿಲ್ಲ? ಅದಕ್ಕೆ ಉತ್ತರ ಹುಡುಕಿದ್ದರೆ ಮುಂದಿನ ಎಷ್ಟೋ ಕಷ್ಟ ತಪ್ಪುತ್ತಿತ್ತು. ನಾನು ಸುಲಭದ ದಾರಿ ಹಿಡಿದೆ. ಒಂದು ಭೌತಶಾಸ್ತ್ರದ ಪುಸ್ತಕ ಕೊಂಡೆ. ಕಾಲೇಜಿನಲ್ಲಿ ಪಾಠ ಹೇಳುವ ಪರಿಚಿತರೊಬ್ಬರನ್ನು ಭಾನುವಾರವೂ ಬಿಡದೆ ಕಾಡಿದೆ. ಫೋನಿನಲ್ಲಿ ನನ್ನ ದನಿ ಕೇಳಿದರೆ ಅವರ ಹೆಂಡತಿ "ಸ್ನಾನಕ್ಕೆ ಹೋಗಿದಾರೆ" ಎನ್ನುವ ಮಟ್ಟ ತಲುಪಿತು. ಅಷ್ಟು ಸ್ನಾನ ಮಾಡಿದ ಭೌತಶಾಸ್ತ್ರಜ್ಞ ಉತ್ತರ ಭಾರತದಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ. ಅಲ್ಲಿಂದ ಮುಂದೆ ನನ್ನ ಕಥೆಗಳಲ್ಲಿ ಯಂತ್ರಗಳು ತಪ್ಪಿದ್ದಿಲ್ಲ. ತಪ್ಪಿದ್ದೆಲ್ಲ ಮನುಷ್ಯರು.

ಇದನ್ನು ಮೊದಲು ಹಿಡಿದವರು, ಒಂದಕ್ಷರ ಕನ್ನಡ ಬಾರದ ನಮ್ಮ ಚತುರ್ವೇದಿ ಸಾಹೇಬರು, ಆಗಿನ ನನ್ನ ಮೇಲಧಿಕಾರಿ. ಮೇಡಂ ತಮ್ಮ ಭಾಷೆಯಲ್ಲಿ ಸರ್ಕಾರದ ಬಗ್ಗೆ ಏನೋ ಬರೆಯುತ್ತಾರೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ಕರೆಸಿದರು. ಸಸ್ಪೆಂಡಾದರೆ ಸರ್ಕಾರಿ ಮನೆ ಬಿಡಬೇಕು, ಬಿಟ್ಟರೆ ಎಲ್ಲಿಗೆ ಹೋಗಬೇಕು, ಗ್ಯಾಸ್ ಸಿಲಿಂಡರ್ ವರ್ಗಾವಣೆ ಹೇಗೆ ಎಂಬಲ್ಲಿಯವರೆಗೆ ಕಾರಿಡಾರಿನಲ್ಲೇ ಯೋಚಿಸಿ ಮುಗಿಸಿದ್ದೆ.

"ಬೈಠಿಯೇ," ಎಂದು ಕುರ್ಚಿ ತೋರಿಸಿದರು. ಮುಂದಿನದೆಲ್ಲ ಹಿಂದಿಯಲ್ಲೇ ನಡೆದದ್ದು. "ನಿಮ್ಮ ಕಥೆಯಲ್ಲಿ ಸರ್ಕಾರ ಇದೆಯೇ?"

"ಇದೆ ಸರ್. ಮಂಗಳ ಗ್ರಹದ್ದು."

"ಕೇಂದ್ರವೋ, ರಾಜ್ಯವೋ?"

ನಾನು ಅದನ್ನು ಯೋಚಿಸಿರಲಿಲ್ಲ. "ಒಂದೇ ಸರ್ಕಾರ ಸರ್."

"ಅಚ್ಛಾ. ಅದು ಬೀಳುತ್ತದೆಯೇ?"

"ಇಲ್ಲ ಸರ್, ನೀರು ಹುಡುಕುತ್ತದೆ. ನೀರು ಸಿಕ್ಕಿದ ಮಾರನೆಯ ದಿನವೇ ಕಾಲುವೆ ತೋಡಲು ಆದೇಶ ಹೊರಡಿಸುತ್ತದೆ."

ಸಾಹೇಬರು ಚಹಾದ ಕಪ್ಪನ್ನು ಕೆಳಗಿಟ್ಟರು. "ಮಾರನೆಯ ದಿನವೇ? ಹಣಕಾಸು ವಿಭಾಗದ ಒಪ್ಪಿಗೆ? ಕಡತ ಯಾರ ಮೇಜಿನಿಂದ ಯಾರ ಮೇಜಿಗೆ ಹೋಯಿತು? ಮೇಡಂ, ಮನುಷ್ಯ ಮಂಗಳಕ್ಕೆ ಹೋದ ಎಂದರೆ ನಂಬುತ್ತೇನೆ. ಮಾರನೆಯ ದಿನ ಆದೇಶ ಬಂತು ಎಂದರೆ ಹೇಗೆ ನಂಬಲಿ? ಈ ಕಟ್ಟಡದಲ್ಲಿ ಇಷ್ಟು ವರ್ಷ ಕೂತು ಏನು ಕಲಿತಿರಿ?"

ನಾನು ಬರೆದದ್ದು ದೇಶದ್ರೋಹವಲ್ಲ, ಬರೀ ಅನುಭವದ ಕೊರತೆ ಎಂದು ತೀರ್ಮಾನಿಸಿ ಕಳಿಸಿಕೊಟ್ಟರು. ಮನೆಗೆ ಬಂದು ತಿದ್ದಿದೆ. ಕಾಲುವೆಯ ಕಡತ ಮಂಗಳದ ಎರಡು ಇಲಾಖೆಗಳ ನಡುವೆ ಓಡಾಡುತ್ತ, ಅದು ಮಂಜೂರಾಗುವಷ್ಟರಲ್ಲಿ ನೀರಿಗೆ ಮೂಲವಾದ ಮಂಜುಗಡ್ಡೆಯೇ ಆವಿಯಾಗಿ ಹೋಗುವಂತೆ ಬರೆದೆ. ನಾನು ಬರೆದ ಕಥೆಗಳಲ್ಲಿ ಜನ ಇವತ್ತಿಗೂ ನೆನೆಸಿಕೊಳ್ಳುವುದು ಅದೊಂದನ್ನೇ. ಅದರಲ್ಲಿ ವಿಜ್ಞಾನ ಅಷ್ಟಕ್ಕಷ್ಟೇ.

ಪಾಠ ಕಲಿತೆನೆಂದು ನೀವು ತಿಳಿದರೆ ಅದು ನಿಮ್ಮ ಒಳ್ಳೆಯತನ. ಮಗಳು ಚಿಕ್ಕವಳಿದ್ದಾಗ ಇನ್ನೊಂದು ಬರೆದೆ: ಒಂದು ಊರಿನಲ್ಲಿ ಚಳಿಗಾಲದ ಗಾಳಿ ವಿಷವಾಗಿ, ಜನ ಮನೆಯೊಳಗೆ ಗಾಳಿ ತೊಳೆಯುವ ಪೆಟ್ಟಿಗೆ ಇಟ್ಟುಕೊಳ್ಳುತ್ತಾರೆ. ಉತ್ಪ್ರೇಕ್ಷೆಯಾಯಿತೆಂದು ಆಗಿನ ಸಂಪಾದಕರು ಗೊಣಗಿದ್ದರು. ಈಗ ಆ ಪೆಟ್ಟಿಗೆ ನಮ್ಮ ಹಜಾರದಲ್ಲೇ ಗುರುಗುಟ್ಟುತ್ತಿದೆ. ಯಂತ್ರ ಸರಿಯಾಗಿ ಬಂತು. ಆದರೆ ನನ್ನ ಕಥೆಯಲ್ಲಿ ಜನ ಬೀದಿಗಿಳಿದು ದಂಗೆ ಎದ್ದಿದ್ದರು. ನಿಜದಲ್ಲಿ ನಮ್ಮ ಕಾಲೊನಿಯ ಜನ ಫೋನಿನಲ್ಲಿ ಗಾಳಿಯ ಅಂಕಿ ನೋಡಿ, "ಇವತ್ತು ನಿನ್ನೆಗಿಂತ ವಾಸಿ" ಎಂದು ಮದುವೆಗೆ ಹೊರಡುತ್ತಾರೆ. ಕುದುರೆಯ ಮೇಲೆ ಕೂತ ಮದುಮಗನೇ ಕಾಣಿಸದಷ್ಟು ಹೊಗೆಯಲ್ಲಿ ಬ್ಯಾಂಡಿನವರು ಅಂದಾಜಿನ ಮೇಲೆ ಬಾರಿಸುತ್ತಾರೆ. ಇದನ್ನು ನಾನು ಊಹಿಸಿರಲಿಲ್ಲ. ಊಹಿಸಿ ಬರೆದಿದ್ದರೆ ಆ ಸಂಪಾದಕರು ಖಂಡಿತ ಹರಿದು ಹಾಕುತ್ತಿದ್ದರು.

ಕೆಲಸದ ವಿಧಾನ ಈ ನಡುವೆ ಪೂರ್ತಿ ಬದಲಾಯಿತು. ಕಾರ್ಬನ್ ಹಾಳೆ ಹೋಯಿತು, ಅಂಚೆ ಹೋಯಿತು, ಆ ಭೌತಶಾಸ್ತ್ರದ ಮೇಷ್ಟ್ರಿಗೂ ಸ್ನಾನದಿಂದ ಬಿಡುಗಡೆ ಸಿಕ್ಕಿತು. ಈಗ ಚಂದ್ರನ ಮಣ್ಣಿನ ಬಗ್ಗೆ ಕೇಳಿದರೆ ಫೋನಿನೊಳಗಿನ ಯಂತ್ರವೇ ಕ್ಷಣದಲ್ಲಿ ಒಪ್ಪಿಸುತ್ತದೆ. ಆಗಾಗ ಆತ್ಮವಿಶ್ವಾಸದಿಂದ ಸುಳ್ಳನ್ನೂ ಹೇಳುತ್ತದೆ, ನಮ್ಮ ಕಚೇರಿಯ ಕೆಲವರ ಹಾಗೆ. ಬದಲಾಗದೆ ಉಳಿದದ್ದು ನಮ್ಮ ಮನೆಯ ಒಂದು ಪದ್ಧತಿ. ಬರೆದದ್ದನ್ನು ಶನಿವಾರ ಊಟವಾದ ಮೇಲೆ ಗಟ್ಟಿಯಾಗಿ ಓದುತ್ತೇನೆ. ಶ್ರೀಪಾದ ಇದನ್ನು ಪಾರಾಯಣ ಎನ್ನುತ್ತಾರೆ, ಕೊನೆಗೆ ಕೇಸರಿಬಾತು ಅವರದೇ ಕೈಯದು. ಮಗಳು ಇಳಾ ದೆಹಲಿಯಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಓದಲು ಬಾರದು, ಕೇಳಿದರೆ ಎಲ್ಲ ಅರ್ಥವಾಗುತ್ತದೆ. ಕೇಸರಿಬಾತಿನ ಆಸೆಗೆ ಕೂತು ಕೇಳುತ್ತ ಬೆಳೆದಳು. ಈಗ ಗ್ರೇಟರ್ ನೋಯ್ಡಾದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು, ಅಲ್ಲೇ ಗೆಳತಿಯ ಜೊತೆ ಫ್ಲ್ಯಾಟು. ಶನಿವಾರ ಮಾತ್ರ ಕಾರು ಓಡಿಸಿಕೊಂಡು ಬರುತ್ತಾಳೆ. ಶನಿವಾರ ಓದಿ ಕೇಳಿಸದ ಒಂದು ಪುಟವನ್ನೂ ನಾನು ಅಚ್ಚಿಗೆ ಬಿಟ್ಟವಳಲ್ಲ.

ಇನ್ನು ಆ ಕೊನೆಯ ಕಾದಂಬರಿ.

ಅದರ ಬೀಜ ಸಿಕ್ಕಿದ್ದು ಜನಕಪುರಿಯಲ್ಲಿ ನಾವು ಭಾನುವಾರ ದೋಸೆ ತಿನ್ನುವ ಹೋಟೆಲಿನಲ್ಲಿ. ಅದರ ಮಾಲೀಕರು ಕುಂದಾಪುರದ ಕಡೆಯವರು. "ಮೇಡಂ, ಎಲ್ಲಿ ನಾಲ್ಕು ಜನ ಹೊಸದಾಗಿ ಬಂದು ಇಳೀತಾರೋ, ಅಲ್ಲಿಗೆ ನಮ್ಮ ಪೈಕಿ ಒಬ್ಬ ಇಡ್ಲಿ ಪಾತ್ರೆ ಹೊತ್ಕೊಂಡು ಬಂದೇ ಬರ್ತಾನೆ, ಬೇಕಾದ್ರೆ ಬರ್ದಿಟ್ಕೊಳ್ಳಿ," ಎಂದಿದ್ದರು. ಬರೆದಿಟ್ಟುಕೊಂಡೆ. ಚಂದ್ರನ ಮೇಲೆ ಒಂದು ವಸತಿ. ಅಲ್ಲಿ ಕ್ಯಾಂಟೀನು ನಡೆಸಲು ಹೋದ ಒಬ್ಬ ಅಜ್ಜಿ. ಅಲ್ಲೇ ಹುಟ್ಟಿದ ಮೊಮ್ಮಗಳು ವಸುಧಾ. ಚಂದ್ರನಲ್ಲಿ ನಮ್ಮ ತೂಕ ಇಲ್ಲಿನ ಆರನೇ ಒಂದು ಪಾಲು. ಹಿಟ್ಟು ಹೇಗೆ ಉಬ್ಬುತ್ತದೆ, ಒಗ್ಗರಣೆಯ ಸಾಸಿವೆ ಎಷ್ಟು ಎತ್ತರ ಹಾರುತ್ತದೆ, ಎಲ್ಲವನ್ನೂ ಲೆಕ್ಕ ಹಾಕಿದ್ದೆ. ಕೊನೆಯ ಅಧ್ಯಾಯದಲ್ಲಿ ವಸುಧಾ ಅಜ್ಜಿಯ ಜೊತೆ ಮೊದಲ ಸಲ ಭೂಮಿಗೆ, ನಮ್ಮದೇ ಊರಾದ ಮೈಸೂರಿಗೆ ಬರುತ್ತಾಳೆ. ಅಲ್ಲಿನ ಒಂಟಿಕೊಪ್ಪಲು ಬಡಾವಣೆಯ ಬೀದಿಯಲ್ಲಿ ನೆಲಕ್ಕೆ ಹಣೆ ಹಚ್ಚಿ, "ಕೊನೆಗೂ ನಾನು ಮನೆಗೆ ಬಂದೆ" ಎಂದು ಅಳುತ್ತಾಳೆ. ಅದನ್ನು ಬರೆಯುವಾಗ ನಾನೂ ಅತ್ತಿದ್ದೆ. ಮಂಜುನಾಥಾ, ಬರೆಯುವಾಗ ಅಳು ಬಂದರೆ ಆ ಪುಟವನ್ನು ಇನ್ನೊಮ್ಮೆ ನೋಡು.

ಬೆಂಗಳೂರಿನ ಪ್ರಕಾಶನದ ಸಂಪಾದಕಿ ಸುಮೇಧಾ ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳು. ಹಸ್ತಪ್ರತಿ ಓದಿ ಫೋನು ಮಾಡಿದಳು.

"ಮೇಡಂ, ವಿಜ್ಞಾನ ಎಲ್ಲಾ ಪಕ್ಕಾ ಇದೆ. ಸಾಸಿವೆ ಹಾರೋದು ತುಂಬಾ ಇಷ್ಟ ಆಯ್ತು. ಆದ್ರೆ ವಸುಧಾ ಯಾರು ಅಂತ ನಂಗೆ ಗೊತ್ತಾಗ್ಲಿಲ್ಲ."

"ಯಾರು ಅಂದರೆ? ನಾಯಕಿ."

"ಅದು ಸರಿ ಮೇಡಂ. ಚಂದ್ರನ ಮೇಲೆ ಹುಟ್ಟಿದ ಹುಡುಗಿ ಮೈಸೂರಿನ ಹೈಸ್ಕೂಲ್ ಮೇಷ್ಟ್ರ ಥರ ಮಾತಾಡ್ತಾಳೆ. ಒಂದ್ಸಲಾನೂ ನೋಡದೇ ಇರೋ ಊರನ್ನ ಮನೆ ಅಂತಾಳೆ. ಯಾಕೆ? ಬೇಜಾರು ಮಾಡ್ಕೋಬೇಡಿ, ಆ ಹುಡುಗಿ ನಿಜ ಅನ್ನಿಸದೇ ಇದ್ರೆ ನಾವು ಈ ಪುಸ್ತಕ ಮಾಡೋದು ಕಷ್ಟ."

ಬೇಜಾರು ಮಾಡಿಕೊಂಡೆ. ಐದು ವರ್ಷದ ಕೆಲಸ, ಅದೂ ಕೊನೆಯದು. ಇದು ಬಿದ್ದುಹೋದರೆ ನನ್ನ ಹೆಸರಿನಲ್ಲಿ ಉಳಿಯುವುದು ಆವಿಯಾದ ಕಾಲುವೆ ಮಾತ್ರ. ರೂಢಿಯಂತೆ ಯಂತ್ರಗಳನ್ನೇ ಮತ್ತೆ ಪರೀಕ್ಷಿಸಿದೆ: ಇಂಧನ ಸರಿ, ಇಳಿಯುವ ಕೋನ ಸರಿ. ಭೂಮಿಯ ತೂಕಕ್ಕೆ ವಸುಧಾಳ ಮೂಳೆ ಮುರಿಯದಿರಲೆಂದು ಕಾಲಿಗೆ ಕವಚ ತೊಡಿಸಿದ್ದೆ, ಅದೂ ಸರಿ. ಎಲ್ಲಿಯೂ ತಪ್ಪು ಸಿಗದೆ ಒಂದು ಶನಿವಾರ ಕಂಗಾಲಾಗಿ ಕೂತಿದ್ದಾಗ, ಪಕ್ಕದ ಕೋಣೆಯಿಂದ ಇಳಾ ಮೈಸೂರಿನ ಸೋದರತ್ತೆಯ ಜೊತೆ ಫೋನಿನಲ್ಲಿ ಮಾತಾಡುವುದು ಕೇಳಿಸಿತು.

"ಹಾಂ ಅತ್ತೆ, ಊಟ ಆಯ್ತು. ನಹೀಂ ನಹೀಂ, ನಾನೇ ಬನಾಯಿಸಿದ್ದು. ಸಚ್ಚೀ! ನೀವು ಬನ್ನಿ ನಾ, ತಿನ್ನಿಸ್ತೀನಿ."

ಅರೆ, ಎನ್ನಿಸಿತು. ಹುಟ್ಟಿದ್ದು ಒಂದು ಕಡೆ, ಮನೆಮಾತು ಇನ್ನೊಂದು ಕಡೆಯದು. ಚಂದ್ರನಲ್ಲಿ ಹುಟ್ಟಿದವಳೊಬ್ಬಳು ಇಷ್ಟು ವರ್ಷ ನನ್ನ ಊಟದ ಮೇಜಿನಲ್ಲೇ ಕೂತಿದ್ದಳಲ್ಲ! ನಾನು ಕುಂದಾಪುರ, ಗುರುಗ್ರಹ ಎಲ್ಲ ಸುತ್ತಿ ಬಂದಿದ್ದೆ.

ಅಂದಿನಿಂದ ಶನಿವಾರಗಳಂದು ನಾನು ಗೂಢಚಾರಿಣಿಯಾದೆ. ಇಳಾ ಮಾತಾಡಿದ್ದನ್ನು ಅಡುಗೆಮನೆಗೆ ಓಡಿಹೋಗಿ ಫೋನಿನಲ್ಲಿ ಬರೆದುಕೊಳ್ಳುತ್ತಿದ್ದೆ. ಪದೇ ಪದೇ ಒಳಗೆ ಹೋಗುವುದನ್ನು ನೋಡಿ ಅವಳು ಅಪ್ಪನನ್ನು ಪಿಸುಮಾತಿನಲ್ಲಿ ಕೇಳಿದಳಂತೆ, "ಅಮ್ಮಂಗೆ ಶುಗರ್ ಚೆಕ್ ಮಾಡಿಸಿದೀರಾ?" ವಸುಧಾಳ ಮಾತನ್ನೆಲ್ಲ ಇಳಾಳ ಮಾತಿನಂತೆ ತಿದ್ದಿದೆ. ಮೊಮ್ಮಗಳ ಬಾಯಲ್ಲಿ ಕನ್ನಡ ಕರಗುತ್ತಿರುವುದನ್ನು ಕಂಡು ಅಜ್ಜಿ ಅಳುವ, ಮೊಮ್ಮಗಳೂ ಅಳುವ ಎರಡು ದೃಶ್ಯ ಹೊಸದಾಗಿ ಸೇರಿಸಿದೆ. ಕೊನೆಯ ಅಧ್ಯಾಯವನ್ನು ಮುಟ್ಟಲಿಲ್ಲ. ಆ ಶನಿವಾರ ಓದಿದೆ. ಹಳೆಯ ಪ್ರತಿ ಓದಿದಾಗ ಇಳಾಳ ಗಮನವೆಲ್ಲ ಕೇಸರಿಬಾತಿನ ಮೇಲಿತ್ತು, ಈ ಸಲ ತನ್ನದೇ ಮಾತು ಕಿವಿಗೆ ಬಿತ್ತು.

ಅರ್ಧಕ್ಕೇ ಇಳಾ ಕೈ ಎತ್ತಿದಳು. "ಅಮ್ಮಾ, ಏಕ್ ಮಿನಿಟ್. ವಸುಧಾ ಮತ್ಲಬ್ ಏನು?"

"ಭೂಮಿ."

"ಇಳಾ ಮತ್ಲಬ್?"

"ಅದೂ ಭೂಮಿ."

"ನಿನ್ನ ಹತ್ರ ಒಂದೇ ಹೆಸರು ಇರೋದಾ?" ಎಂದು ಅಪ್ಪನ ಕಡೆ ನೋಡಿದಳು. ಅಪ್ಪ ಕೇಸರಿಬಾತಿನ ದ್ರಾಕ್ಷಿಗಳನ್ನು ಅತ್ಯಂತ ಗಮನವಿಟ್ಟು ಪರಿಶೀಲಿಸತೊಡಗಿದರು. "ಸಚ್ ಹೇಳು. ಈ ಹುಡುಗಿ ನಾನಾ? ನಾನು ಅತ್ತೆ ಜೊತೆ ಮಾತಾಡಿದ್ದು ಪೂರಾ ಇದರಲ್ಲಿ ಇದೆ."

"ಕಲ್ಪನೆ ಕಣೇ."

"ಕಲ್ಪನೆ! ಅದಕ್ಕೇ ಬಾರ್ ಬಾರ್ ಕಿಚನ್‌ಗೆ ಓಡ್ತಿದ್ದೆ. ನಾವು ಡಾಕ್ಟರ್ ಅಪಾಯಿಂಟ್ಮೆಂಟ್ ತಗೊಂಡಿದೀವಿ ಗೊತ್ತಾ?"

ಮೂವರೂ ನಕ್ಕೆವು. ನಗು ನಿಂತ ಮೇಲೆ ಅವಳು ಕೇಳಿದಳು, "ಮಾತು ಠೀಕ್ ಹೈ. ಆದ್ರೆ ಅವಳು ಯಾಕೆ ಇಷ್ಟು ಅಳ್ತಾಳೆ?"

"ಭಾಷೆ ಮರೀತಾ ಇದ್ದಾಳಲ್ಲ."

"ಅವಳು ಮರೀತಾ ಇಲ್ಲಮ್ಮಾ. ಅವಳಿಗೆ ಸಿಕ್ಕಿದ್ದೇ ಇಷ್ಟು. ಇಷ್ಟರಲ್ಲಿ ಅವಳ ಕೆಲಸ ಆರಾಮಾಗಿ ನಡೆಯುತ್ತೆ. ಅಜ್ಜಿಗೆ ಹೋಯ್ತು ಹೋಯ್ತು ಅನ್ಸುತ್ತೆ. ತೋ ಅಳು ಅಜ್ಜಿಗೆ ಕೊಡು. ವಸುಧಾಗೆ ಯಾಕೆ ಕೊಡ್ತೀಯಾ?"

ನಾನು ಪುಟ ತಿರುಗಿಸಿದೆ. ಮುಂದೆ ಓದಿ ಕೊನೆಯ ಅಧ್ಯಾಯಕ್ಕೆ ಬಂದೆ. ವಸುಧಾ ಒಂಟಿಕೊಪ್ಪಲಿನ ನೆಲಕ್ಕೆ ಹಣೆ ಹಚ್ಚಿದಳು. ಇಳಾ ಮತ್ತೆ ಕೈ ಎತ್ತಿದಳು.

"ಬಗ್ಗಿದಳಾ? ಏಳೋಕೆ ಆಗುತ್ತಾ? ಅಲ್ಲಿ ಹತ್ತು ಕಿಲೋ ಇದ್ದೋಳು ಇಲ್ಲಿ ಅರವತ್ತು."

ಇದಕ್ಕೆ ನಾನು ತಯಾರಾಗಿಯೇ ಇದ್ದೆ. "ಕಾಲಿಗೆ ಕವಚ ಕೊಟ್ಟಿದೀನಲ್ಲ. ಮೂರು ಪುಟ ಬರೆದಿದೀನಿ ಅದರ ಬಗ್ಗೆ."

"ಕಾಲಿಗೆ ಕೊಟ್ಟೆ," ಎಂದಳು ಇಳಾ. "ಅವಳಿಗೆ?"

ನಾನು ಹಸ್ತಪ್ರತಿಯನ್ನು ಮೇಜಿನ ಮೇಲಿಟ್ಟೆ.

"ರಜೆಗೆ ಮೈಸೂರಿಗೆ ಹೋಗ್ತಿದ್ವಲ್ಲಾ," ಎಂದು ಅವಳೇ ಮುಂದುವರಿಸಿದಳು. "ಎಲ್ಲರೂ ಸುತ್ತ ಕೂತ್ಕೊಂಡು, ಪುಟ್ಟೀ ಕನ್ನಡದಲ್ಲಿ ಏನಾದ್ರೂ ಹೇಳು ಅನ್ನೋರು. ನಾನು ಏನು ಹೇಳಿದ್ರೂ ನಗೋರು. ಪ್ಯಾರ್ ಸೇ ನಗೋರು, ಐ ನೋ. ನಾನು ಮಾತಾಡೋಕೆ ಪೆಹಲೇ ಮನಸ್ಸಲ್ಲಿ ಎರಡು ಸಲ ಹೇಳ್ಕೊಳ್ತಿದ್ದೆ. ಒಂದು ಗ್ಲಾಸ್ ನೀರು ಕೇಳೋಕೂ. ಅಲ್ಲಿ ಎಲ್ಲರೂ ಒಳ್ಳೆಯವರು. ಆದ್ರೆ ಅಲ್ಲಿ ನಾನು ಭಾರ ಆಗ್ತಿದ್ದೆ, ಅಮ್ಮಾ. ಪೂರಾ ದಿನ."

ಶ್ರೀಪಾದ ತಟ್ಟೆ ಕೆಳಗಿಟ್ಟರು. ನಾನು ಗಟ್ಟಿಯಾಗಿ ಏನಾದರೂ ಸಮಾಧಾನ ಹೇಳಬೇಕಿತ್ತೋ ಏನೋ. ಹೊರಗೆ ಬಂದದ್ದು ಪ್ರಶ್ನೆ. "ಮತ್ತೆ ಯಾವಾಗ ಹಗುರ ಆಗ್ತಿದ್ದೆ?"

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ನಾನು ಕಾದಂಬರಿಗಾಗಿ ಕೇಳುತ್ತಿದ್ದೇನೋ ಅವಳಿಗಾಗಿಯೋ ಎಂದು ಅಳೆಯುತ್ತಿದ್ದಳು. ನನಗೂ ಗೊತ್ತಿರಲಿಲ್ಲ.

"ವಾಪಸ್ ಬಂದು ನಿಜಾಮುದ್ದೀನ್‌ನಲ್ಲಿ ಟ್ರೇನ್ ಇಳೀತಿದ್ವಲ್ಲ. ಅಪ್ಪ ಕೂಲಿ ಭಯ್ಯಾ ಜೊತೆ ತಮ್ಮ ಟೂಟಿ ಫೂಟಿ, ಅರ್ಧಂಬರ್ಧ ಹಿಂದೀಲಿ ಜಗಳ ಶುರು ಮಾಡೋರು, 'ಕರ್ತಾ ಹೈ, ನಹೀಂ ಕರ್ತಾ ಹೈ' ಅಂತ. ಭಯ್ಯಾ ನಗೋನು. ಆಗ."

"ನನ್ನ ಹಿಂದಿಗೆ ಏನಾಗಿದೆ?" ಎಂದರು ಶ್ರೀಪಾದ, ಮೂವತ್ತು ವರ್ಷ ದೆಹಲಿಯಲ್ಲಿ ನೌಕರಿ ಮಾಡಿದವರು.

"ಏನೂ ಆಗಿಲ್ಲಪ್ಪಾ. ಇಷ್ಟೇ ಇದೆ. ಕೆಲಸ ನಡೆಯುತ್ತೆ."

ಆ ದಿನ ಮುಂದಕ್ಕೆ ಓದಲಿಲ್ಲ. ಬಾಹ್ಯಾಕಾಶದಿಂದ ಮರಳಿದ ಯಾತ್ರಿಕಳನ್ನು ಕೂರಿಸಿಕೊಂಡು ಕೇಳುವ ಹಾಗೆ ಅವಳನ್ನು ಕೇಳಿದೆ. ಅಲ್ಲಿ ಏನು ಇಷ್ಟವಾಗುತ್ತಿತ್ತು? ಉಯ್ಯಾಲೆ, ಮತ್ತೆ ಹಂಡೆಯ ಬಿಸಿನೀರಿನ ಹೊಗೆವಾಸನೆ. ಏನು ಕಷ್ಟವಾಗುತ್ತಿತ್ತು? "ನಿನ್ನ ಊರು ಯಾವುದು" ಎಂದು ಯಾರಾದರೂ ಕೇಳಿದರೆ ನಾನೇ ಮುಂದೆ ಬಿದ್ದು ಉತ್ತರ ಹೇಳಿಬಿಡುತ್ತಿದ್ದುದು. ಎಷ್ಟು ದಿನಕ್ಕೆ ದೆಹಲಿ ನೆನಪಾಗುತ್ತಿತ್ತು? ಟ್ರೇನ್ ಹತ್ತಿದ ದಿನವೇ. ನನಗೆ ನೋವಾಗಬೇಕಿತ್ತು, ಸ್ವಲ್ಪ ಆಯಿತು. ಆದರೆ ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ಇಷ್ಟು ಹತ್ತಿರ ಒಂದು ಗ್ರಹ ಇದ್ದೂ ದುರ್ಬೀನು ಅತ್ತ ತಿರುಗಿಸದೇ ಹೋದೆನಲ್ಲ ಎಂಬ ಆಶ್ಚರ್ಯ. ಲೋಟಕ್ಕೆ ಸುರಿದ ಕಾಫಿಯೂ ನೆನಪಾಯಿತು. ಅದು ಆ ಮೂವರು ಯಾತ್ರಿಕರಿಗೆ ಬೇಕಾದ ಕಾಫಿಯಾಗಿರಲಿಲ್ಲ. ಜನಕಪುರಿಯಲ್ಲಿ ಕೂತ ನನಗೆ ಬೇಕಾಗಿತ್ತು. ಒಂಟಿಕೊಪ್ಪಲಿನ ನೆಲವೂ ಹಾಗೆಯೇ.

ಕೊನೆಯ ಅಧ್ಯಾಯವನ್ನು ಪೂರ್ತಿ ಕಿತ್ತು ಬರೆದೆ. ಈಗ ವಸುಧಾ ಮೈಸೂರಿನಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದಾಳೆ. ಅಜ್ಜಿಯ ಬಳಗ ಸುತ್ತ ನಿಂತು ಒಂದೊಂದೇ ತಿಂಡಿ ಬಾಯಿಗಿಡುತ್ತಿದೆ. ತುತ್ತು ಎತ್ತಲು ಕೈ ಸೋಲುತ್ತದೆ, ಕಿವಿಯ ಓಲೆ ಎಳೆಯುತ್ತದೆ. ಅವಳಿಗೆ ಎಲ್ಲವೂ ಇಷ್ಟವಾಗಿದೆ. ಸಂಜೆ ಮನೆಯ ಮುಂದಿನ ಜಗುಲಿಯಲ್ಲಿ ಅಜ್ಜಿ ಮೇಲೆ ತೋರಿಸಿ, "ನೋಡೇ, ಚಂದ್ರ ಎಷ್ಟು ಚೆನ್ನಾಗಿ ಕಾಣ್ತಾನೆ" ಎನ್ನುತ್ತಾಳೆ. ವಸುಧಾ ನೋಡುತ್ತಾಳೆ. ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡು, ತಪ್ಪಾಗದಂತೆ ಕೇಳುತ್ತಾಳೆ: "ಅಜ್ಜೀ, ನಾವು ಮನೆಗೆ ಯಾವಾಗ ಹೋಗೋದು?"

ಅಳುವುದು ಅಜ್ಜಿ. ಅದೂ ಆಮೇಲೆ, ಅಡುಗೆಮನೆಗೆ ಹೋಗಿ.

ಅದನ್ನು ಕೇಳಲು ಇಳಾ ಇರಲಿಲ್ಲ, ಮುಂದಿನ ಎರಡು ಶನಿವಾರ ಅವಳಿಗೆ ಕಾರ್ಖಾನೆಯಲ್ಲಿ ಕೆಲಸ. ಪ್ರಕಾಶನದವರು ಕೊಟ್ಟ ಗಡುವು ಮುಗಿಯುತ್ತಿದ್ದುದರಿಂದ ಮೊದಲ ಸಲ ಪಾರಾಯಣವಾಗದ ಪುಟಗಳನ್ನು ಸುಮೇಧಾಳಿಗೆ ಕಳಿಸಿದೆ. ಅವಳ ಉತ್ತರ ಬೇಗ ಬಂತು. "ಮೇಡಂ, ಪುಸ್ತಕ ಮಾಡ್ತಿದೀವಿ. ಈಗ ಈ ಹುಡುಗಿ ಎದುರಿಗೆ ಬಂದ್ರೆ ಗುರುತು ಹಿಡೀತೀನಿ."

ಖುಷಿಯಾಗಬೇಕಿತ್ತು. ನನಗೆ ಹೊಸ ಚಿಂತೆ ಶುರುವಾಯಿತು. ಸುಮೇಧಾ ಒಪ್ಪಿದಳು ಸರಿ, ಆದರೆ ಅವಳು ಭೂಮಿಯವಳು. ಚಂದ್ರನವಳು ಒಪ್ಪದಿದ್ದರೆ? ತನ್ನ ಮಾತನ್ನು ಊರಿಗೆಲ್ಲ ಹಂಚಿದೆ ಎಂದು ಅವಳು ಮುಖ ತಿರುಗಿಸಿದರೆ? "ಹಾಗಾದರೆ ಪುಸ್ತಕ ವಾಪಸು ತಗೊಳ್ತೀನಿ," ಎಂದೆ ಶ್ರೀಪಾದರಿಗೆ. ಅವರು ಅಂಥ ಹೊತ್ತಿನಲ್ಲಿ ಮಾಡುವುದನ್ನೇ ಮಾಡಿದರು: ಕಡಲೆಬೇಳೆ ಹುರಿಯಲು ಇಟ್ಟರು. ಮಗಳು ಬರುವ ಮುಂಚೆ ಚಟ್ನಿಪುಡಿ, ಹುಳಿಪುಡಿ ಮಾಡಿ ಕಟ್ಟುವುದು ಅವರ ಇಲಾಖೆ.

ಇಳಾ ಬಂದಳು. ಊಟವಾಯಿತು. ಓದಿದೆ. "ಮನೆಗೆ ಯಾವಾಗ ಹೋಗೋದು" ಎಂಬಲ್ಲಿಗೆ ನಿಲ್ಲಿಸಿ ತಲೆ ಎತ್ತಿದಾಗ ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. ಕೇಸರಿಬಾತು ತಟ್ಟೆಯಲ್ಲಿ ಹಾಗೇ ಇತ್ತು.

"ಅಜ್ಜಿ ವಾಪಸ್ ಕರ್ಕೊಂಡು ಹೋಗ್ತಾಳಾ?"

"ಹೋಗ್ತಾಳೆ."

"ಅಜ್ಜಿ ಅಲ್ಲೇ ಇರ್ತಾಳಾ, ಇಲ್ಲಿಗೆ ಬಂದುಬಿಡ್ತಾಳಾ?"

"ಅದನ್ನು ಬರೆದಿಲ್ಲ. ಅಜ್ಜಿಗೂ ಗೊತ್ತಿಲ್ಲ."

ಅವಳು ತಟ್ಟೆ ಹತ್ತಿರ ಎಳೆದುಕೊಂಡಳು. "ಅಚ್ಛಾ. ಇದು ನಾನೇ. ಇರಲಿ." ಒಂದು ಚಮಚ ತಿಂದಳು. "ಓಲೆ ಭಾರ ಆಗೋದು ನಾನು ಹೇಳಿರಲಿಲ್ಲ. ಅದು ಹೇಗೆ ಗೊತ್ತಾಯ್ತು ನಿನಗೆ?"

ನನ್ನ ಇಡೀ ವೃತ್ತಿಜೀವನದಲ್ಲಿ ಸಿಕ್ಕ ಒಂದೇ ನಿಜವಾದ ಪ್ರಶಸ್ತಿ ಅದು. ಶಾಲು ಇರಲಿಲ್ಲ.

"ಚಲೋ, ನಾನು ಮನೆಗೆ ಹೊರಡ್ತೀನಿ. ಲೇಟಾದ್ರೆ ಟ್ರಾಫಿಕ್ ಆಗುತ್ತೆ," ಎಂದು ಎದ್ದಳು. ಪ್ರತಿ ಶನಿವಾರ ಹಾಗೆಯೇ ಅನ್ನುತ್ತಿದ್ದಳೋ ಏನೋ. 'ಮನೆಗೆ' ಎಂದದ್ದನ್ನು ನಾನು ಕೇಳಿಸಿಕೊಂಡದ್ದು ಅವತ್ತು.

ಶ್ರೀಪಾದ ಬಾಗಿಲ ಬಳಿ ಚೀಲ ಇಟ್ಟಿದ್ದರು. ಚಟ್ನಿಪುಡಿ, ಹುಳಿಪುಡಿ, ಮಾವಿನಕಾಯಿ ಉಪ್ಪಿನಕಾಯಿಯ ಭರಣಿ, ಯಾವುದಕ್ಕೂ ಇರಲಿ ಎಂದು ಒಂದು ಸಣ್ಣ ಒರಳುಕಲ್ಲು. ಇಳಾ ಎತ್ತಲು ಹೋಗಿ ಕೆಳಗಿಟ್ಟಳು. "ಅಪ್ಪಾ! ಕಿತ್‌ನಾ ಭಾರ ಇದು!"

"ಅಷ್ಟೇನಿಲ್ಲ" ಎನ್ನಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಒಂದು ಹಿಡಿ ಅವಳು, ಒಂದು ಹಿಡಿ ನಾನು ಹಿಡಿದು, ಒಂದೊಂದೇ ಮೆಟ್ಟಿಲು ನಿಂತು ನಿಂತು ಇಳಿದೆವು. ಕಾರಿನ ಡಿಕ್ಕಿಯಲ್ಲಿ ಇಟ್ಟ ಮೇಲೆ ಕೇಳಿದೆ, "ಸ್ವಲ್ಪ ತೆಗೆದಿಟ್ಟುಬಿಡಲಾ?"

"ಬೇಡಮ್ಮಾ," ಎಂದಳು, ಡಿಕ್ಕಿ ಮುಚ್ಚುತ್ತ. "ಅಲ್ಲಿ ಹೋದ್ಮೇಲೆ ಹಗುರ ಆಗುತ್ತೆ."